ಬೆರಿಲ್ ಮನೇಲಿಲ್ಲ

ಚೋರ್ಲ್‌ಟನ್, ಮ್ಯಾಂಚೆಸ್ಟರ್
ಶನಿವಾರ, 9 ಮಾರ್ಚ್ 1991

ಪ್ರೀತಿಯ ಡೆರಿಕ್,

ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ನಾವು ಬೇರೆಯಾಗಿ ಒಂಬತ್ತು ವರ್ಷವಾಯಿತು, ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡುವಂತಿಲ್ಲ. ಧ್ವನಿತಂತುವಿನ ಮೇಲೆ ಗಂಟೊಂದು ಬೆಳೆದಿದೆ, ಗುರುವಾರ ಆಪರೇಷನ್. ಅಲ್ಲಿಯವರೆಗೆ ಬಾಯಿ ತೆರೆದರೆ ರಕ್ತ ಒಸರಿ, ಇರುವ ದನಿಯೂ ಹೋಗಬಹುದು ಎಂದರು ಡಾಕ್ಟರು. ಪಿಸುಗುಟ್ಟುವುದು ಇನ್ನೂ ಕೆಟ್ಟದ್ದಂತೆ. ಹಾಗಾಗಿ ಸುಮ್ಮನಿದ್ದೇನೆ.

ಕೊರಳಿಗೆ ಸ್ಲೇಟು ತೂಗುಹಾಕಿಕೊಂಡು ಓಡಾಡುತ್ತೇನೆ. ಮಾತಾಡದವಳನ್ನು ಜನ ಕಿವುಡಿ ಅಂದುಕೊಳ್ಳುತ್ತಾರೆ. ಕರಿದ ಮೀನು ಮಾರುವ ಅಂಗಡಿಯ ಸ್ಟ್ಯಾನ್ ನಿನ್ನೆ ಇಡೀ ಬೀದಿಗೆ ಕೇಳುವಂತೆ, “ವಿನೆಗರ್ ಹಾಕ್ಲೇನಮ್ಮಾ? ವಿ-ನೆ-ಗರ್!” ಎಂದು ಕೂಗಿದ. ನನ್ನ ಹಿಂದೆ ನಿಂತಿದ್ದ ಪುಟ್ಟ ಹುಡುಗಿ ಬಾಬಿನ್ ಥರ ನಕ್ಕು ತೋರಿಸುತ್ತಿದ್ದಳು. ಅದು ನನ್ನ ನಗು ಎಂದು ಹೇಳಲು ಸ್ಲೇಟು ಸಾಲದು.

ಹದಿನಾಲ್ಕು ವರ್ಷದಿಂದ ನಾನು ಟಿವಿ ಕಾರ್ಟೂನಿನ ಮುಳ್ಳಿಲಿ ಮರಿ ಬಾಬಿನ್‌ನ ದನಿ, ನೀನು ಅವನ ಕಪ್ಪೆತಾತನ ದನಿ. ಮನೆ ಒಡೆದ ಮೇಲೂ ಪ್ರತಿ ಮಂಗಳವಾರ ಒಂದೇ ಮೈಕಿನ ಎರಡು ಬದಿಗೆ ನಿಂತೆವು. ಈ ಒಂಬತ್ತು ವರ್ಷದಲ್ಲಿ ನಾವು ಆಡಿಕೊಂಡ ಪ್ರೀತಿಯ ಮಾತೆಲ್ಲ ಬೇರೆಯವರು ಬರೆದುಕೊಟ್ಟದ್ದು.

ಈಗ ವಿಷಯ. ಜನವರಿಯಿಂದ ನೀನು ತೊದಲತೊಡಗಿದೆ. ನಿನ್ನಂಥವನು! ಗಾಜಿನಾಚೆಯಿಂದ ನಿರ್ದೇಶಕಿ ಮಿಸೆಸ್ ಆಗ್ಡೆನ್, “ಏನಪ್ಪಾ ಡೆರಿಕ್, ಹಲ್ಲಿನ ಸೆಟ್ ಜೊತೆ ನಾಲಿಗೇನೂ ಲೋಟದಲ್ಲೇ ಬಿಟ್ಟು ಬಂದ್ಯಾ?” ಎಂದು ಚುಚ್ಚಿದರೆ, “ಕ್ಷಮಿಸಮ್ಮಾ, ತಪ್ಪು ನಂದೇ. ಇನ್ನೊಂದ್ಸಲ” ಎನ್ನುತ್ತಿದ್ದೆ ನೀನು. ನಿನಗೆ ವಯಸ್ಸಾಯಿತು ಅಂದುಕೊಂಡೆ ನಾನು. ನಿಜ ಹೇಳಲೆ? ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು.

ಹೋದ ವಾರ ಧ್ವನಿಮುದ್ರಣದ ಕೀತ್ ನನ್ನನ್ನು ಕೂರಿಸಿಕೊಂಡು ಕೆಟ್ಟ ಟೇಕುಗಳನ್ನೆಲ್ಲ ಕೇಳಿಸಿದ. ಹದಿನೇಳು. ಹದಿನೇಳರಲ್ಲೂ ಮೊದಲು ಬಿರುಕು ಬಿಟ್ಟದ್ದು ನನ್ನ ದನಿ. ಅದು ಆಗ್ಡೆನ್ ಕಿವಿಗೆ ಬೀಳುವಷ್ಟರಲ್ಲಿ ನೀನು ನಿನ್ನ ಸಾಲನ್ನು ಕೆಡಿಸಿದ್ದೀಯೆ. “ಇವ್ನು ಬೇಕಂತ್ಲೇ ಮಾಡ್ತಿದಾನೆ ಕಣಮ್ಮಾ” ಎಂದ ಕೀತ್. ನಾನು ಹೆಡ್‌ಫೋನ್ ತೆಗೆಯದೆ ಕೂತೇ ಇದ್ದೆ.

ಅದೇ ದಿನ ಟೀ ಕುಡಿಯುವಾಗ ಆಗ್ಡೆನ್, “ಪಾಪ, ಡೆರಿಕ್ ಕಥೆ ಮುಗೀತು. ಮುಂದಿನ ಸೀಸನ್ನಿಗೆ ತಾತನ ಪಾತ್ರಕ್ಕೆ ಲಂಡನ್ನಿಂದ ಒಬ್ಬನ್ನ ನೋಡಿದೀನಿ. ನಿಂದೇನು ಬಿಡು, ಬರೀ ಶೀತ” ಎಂದರು. ಆಗ ನನಗೆ ದನಿ ಇತ್ತು. ಬಾಯಿ ಬಿಡಬಹುದಿತ್ತು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು ಕೂತೆ. ಇಂದು ಅವರಿಗೆ ಎಲ್ಲವನ್ನೂ ಬರೆದಿದ್ದೇನೆ. ಆದರೆ ಅವರು ನಂಬುವುದು ಕಿವಿಯನ್ನು ಮಾತ್ರ, ನಿನಗೆ ಗೊತ್ತಲ್ಲ.

ನಿನ್ನ ಅಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ ನೆನಪಾಗುತ್ತಿದೆ. ನೀನು ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಬಾಬಿನ್ ದನಿಯಲ್ಲಿ ತಮಾಷೆ ಮಾಡಿದೆ. “ಸಾಕು. ನಂಗೆ ಬೆರಿಲ್ ಬೇಕು, ಅವಳ್ನ ಕರಿ” ಎಂದೆ ನೀನು. ನಾನು ಅದೇ ದನಿಯಲ್ಲಿ, “ಬೆರಿಲ್ ಮನೇಲಿಲ್ಲ, ತಾತ” ಎಂದೆ. ನೀನು ಮನೆ ಬಿಟ್ಟದ್ದು ಮುಂದಿನ ತಿಂಗಳಾದರೂ, ನಿಜವಾಗಿ ಎದ್ದುಹೋದದ್ದು ಆ ಕ್ಷಣವೇ.

ನನಗೆ ಭಯವಾಗುತ್ತಿದೆ ಡೆರಿಕ್. ಬಾಬಿನ್‌ನ ನಗು, ಸೀನು, ಬಿಕ್ಕಳಿಕೆ ಸ್ಟುಡಿಯೋದ ಒಂದು ಕಪಾಟಿನ ತುಂಬ ಇವೆ. ಬೆರಿಲ್ ಒಂದು ಗೇಣು ಟೇಪಿನಲ್ಲೂ ಇಲ್ಲ. ಗುರುವಾರ ಅವಳು ಹೋದರೆ, ಇದ್ದಳು ಎನ್ನುವುದಕ್ಕೆ ಗುರುತೇ ಇಲ್ಲ.

ಆಸ್ಪತ್ರೆಗೆ ಬರಬೇಡ. ಮಂಗಳವಾರ ಈ ಸೀಸನ್ನಿನ ಕೊನೆಯ ಕಂತು, ದಯವಿಟ್ಟು ಒಂದು ಸಾಲೂ ತಪ್ಪಬೇಡ. ಕಾಯಬೇಕಾದ ದನಿ ನಿನ್ನೆದುರು ಇರುವುದಿಲ್ಲ. ಈ ಕಾಗದವನ್ನು ಕೀತ್ ತಲುಪಿಸುತ್ತಾನೆ. ಅವನನ್ನು ಬೈಯಬೇಡ.

ಇನ್ನೂ ನಿನ್ನ ಮನೆತನದ ಹೆಸರಿನಲ್ಲೇ ಸಹಿ ಮಾಡುವ,
ಬೆರಿಲ್

ತಾ.ಕ.: ಸುಮ್ಮನಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಕಾಗದದ ಜೊತೆ ಟೇಪಿನ ಸುರುಳಿ ಇದೆ. ಇಂದು ಬೆಳಗ್ಗೆ ಕೀತ್ ಯಂತ್ರ ಇಟ್ಟುಹೋದ, ಯಾಕೆಂದು ನಾನು ಹೇಳಲಿಲ್ಲ. ಕೊನೆಯ ಕಂತಿನ ಬಾಬಿನ್ ಮಾತೆಲ್ಲ ಅದರಲ್ಲಿದೆ, ಬಿರುಕಿಲ್ಲದೆ. ಅದರೆದುರು ನಿಂತು ನಿನ್ನ ಸಾಲು ಹೇಳು, ಆಗ್ಡೆನ್ ಕೇಳಲಿ. ಮುಗಿದಾಗ ಕರವಸ್ತ್ರ ಸ್ವಲ್ಪ ಕೆಂಪಾಗಿತ್ತು. ಆಮೇಲೂ ಒಂದು ಸಾಲು ಹೇಳಿದೆ. ಟೇಪಿನ ಕೊನೆಗೆ ಕೆಂಪು ಪಟ್ಟಿ ಅಂಟಿಸಿದ್ದೇನೆ. ಅದರಾಚೆ ಇರುವುದನ್ನು ಯಾರಿಗೂ ಕೇಳಿಸದೆ ಕತ್ತರಿಸಿ ಇಟ್ಟುಕೋ. ನನ್ನ ಸ್ವಂತ ದನಿ ಹೇಗಿತ್ತೆಂದೇ ಮರೆತಿದ್ದೆ, ಮೂರನೇ ಸಲಕ್ಕೆ ಸಿಕ್ಕಿತು. “ಡೆರಿಕ್, ಬೆರಿಲ್ ಮನೇಲಿದಾಳೆ” ಅಂತ ಅಷ್ಟೇ.