ಅಮ್ಮನ ಬೈಗುಳ ಉತ್ತರಿಸುತ್ತಿಲ್ಲ

ಅಂಗಡಿಯ ಕತ್ತರಿಸುವ ಮೇಜಿನಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕತ್ತಿನ ನೋವು ಕಡಿಮೆಯಾಯಿತೇ? ಹೊಸ ಕಾರ್ಖಾನೆಯ ಕುರ್ಚಿ ತಗ್ಗು ಎಂದಿದ್ದೆಯಲ್ಲ, ಚಿಂದಿ ಬಟ್ಟೆಯ ದಿಂಬು ಮಾಡಿ ಹಾಕಿಕೊಂಡು ಕೂರು, ಯಾರು ಏನಂದುಕೊಂಡಾರು ಎಂದು ಸಂಕೋಚಪಡಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಫೋನಿನಲ್ಲಿ ‘ಊಟ ಆಯ್ತು ಅತ್ತೆ’ ಅನ್ನುವಾಗ ನಿನ್ನ ದನಿ ಸ್ವಲ್ಪ ಮೇಲೇರುತ್ತದೆ. ಸುಳ್ಳು ಹೇಳುವಾಗಲೆಲ್ಲ ಹಾಗೆ ಏರುತ್ತದೆ ಎಂಬುದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನೆ ತಾನೇ ಫೋನು ಮಾಡಿದವಳು ಇವತ್ತು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನಾನು ಅಳುತ್ತೇನೆ, ನಾನು ಅತ್ತರೆ ನೀನೂ ಅಳುತ್ತೀಯ, ಆಮೇಲೆ ಇಬ್ಬರೂ ಹೇಳಬೇಕಾದ್ದನ್ನು ಬಿಟ್ಟು ಬಿಸಿಲು ಸೆಖೆ ಎಂದು ಏನೋ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದಕ್ಕೆ ಆ ರೋಗವಿಲ್ಲ, ನಡುವೆ ಬಾಯಿ ಹಾಕಲು ನೀನೂ ಇಲ್ಲಿರುವುದಿಲ್ಲ.

ವಿಷಯ ನಮ್ಮ ಲ್ಯಾಪ್‌ಟಾಪಿನದು. ನೀನು ಬಸ್ಸು ಹತ್ತಿದ ಮಾರನೆಯ ದಿನದಿಂದಲೇ ಅದು ಹಟ ಹಿಡಿಯಿತು. ನಿನಗೆ ಹೇಳಿದರೆ ರಜೆ ಹಾಕಿ ಓಡಿಬರುತ್ತೀಯ ಎಂದು ಸುಮ್ಮನಿದ್ದೆ. ಅದರೊಳಗಿನ ಫ್ಯಾನು, ಕಾವು, ಬ್ಯಾಟರಿ ಇವುಗಳ ಯಜಮಾನಿಕೆ ಮಾಡುವ ಒಂದು ಸಣ್ಣ ಪ್ರೋಗ್ರಾಂ ಇದೆಯಲ್ಲ, ನನ್ನ ಮಗರಾಯ ಗುಂಡ ಹಾಕಿಟ್ಟದ್ದು, ಅದೇ. ‘ಸಿಸ್ಟಂ ಮಾಹಿತಿ ಲೋಡ್ ಆಗುತ್ತಿದೆ’ ಎಂದು ಬರೆದುಕೊಂಡು, ಒಂದು ಸಣ್ಣ ಬಳೆ ಸುತ್ತುತ್ತಾ ಸುತ್ತುತ್ತಾ, ಮುಂದಕ್ಕೆ ಹೋಗುವುದೇ ಇಲ್ಲ. ಅದು ತೆರೆಯದಿದ್ದರೆ ಫ್ಯಾನು ತಿರುಗುವುದಿಲ್ಲ, ಫ್ಯಾನು ತಿರುಗದಿದ್ದರೆ ಲ್ಯಾಪ್‌ಟಾಪ್ ಕಾದ ಕಾವಲಿಯಾಗಿ ಪಕ್ಕನೆ ಆರಿಹೋಗುತ್ತದೆ, ಅದು ಆರಿದರೆ ಎಂಬ್ರಾಯ್ಡರಿ ಮಿಷನ್ನು ಅರ್ಧದಲ್ಲೇ ಸೂಜಿ ಎತ್ತಿಕೊಂಡು ನಿಂತುಬಿಡುತ್ತದೆ. ಆಸ್ಪತ್ರೆಯ ಸಮವಸ್ತ್ರಗಳ ಜೇಬಿನ ಮೇಲೆ ಹಕ್ಕಿ ಹೊಲಿಯುವ ಕೆಲಸ ಹಿಡಿದಿದ್ದೆ. ರೆಕ್ಕೆ ಬಂತು, ತಲೆ ಬರಲಿಲ್ಲ. ತಲೆಯಿಲ್ಲದ ಹಕ್ಕಿ ಹೊತ್ತ ಅಂಗಿಗಳ ರಾಶಿ ನೋಡಿದ ಆಸ್ಪತ್ರೆಯ ಸ್ಟೋರಿನಾಕೆ ‘ಇದನ್ನ ಹಾಕ್ಕೊಂಡು ರೋಗಿಗಳ ಮುಂದೆ ಹೋಗೋದು ಹೇಗಮ್ಮ’ ಎಂದು ಮುಖ ಗಂಟಿಕ್ಕಿದಳು. ಈ ಕೆಲಸ ಕೈತಪ್ಪಿದರೆ ಅಂಗಡಿಯ ಬಾಗಿಲು ಎಳೆಯಬೇಕಾಗುತ್ತಿತ್ತು. ಗುಂಡ ಹೋದ ಮೇಲೆ ನಾವಿಬ್ಬರೂ ಎರಡು ವರ್ಷ ಹಲ್ಲು ಕಚ್ಚಿ ನಡೆಸಿದ ಅಂಗಡಿ ಇದು.

ಎದುರು ಸಾಲಿನ ರಿಪೇರಿಯವನನ್ನು ಕರೆಸಿದೆ. ನೀನು ‘ನಾಳೆ ಮಹಾಶಯ’ ಎಂದು ಹೆಸರಿಟ್ಟಿದ್ದೆಯಲ್ಲ, ಅವನೇ. ನಾಳೆ ನಾಳೆ ಎನ್ನುತ್ತಾ ಕೊನೆಗೂ ಒಂದು ದಿನ ಬಂದ. ಮೊದಲು ಆ ಪ್ರೋಗ್ರಾಂ ಕಿತ್ತು ಹಾಕಿ ಮತ್ತೆ ಕೂರಿಸಿದ. ಬಳೆ ಸುತ್ತುತ್ತಲೇ ಇತ್ತು. ಹಿಂಬದಿಯ ಮುಚ್ಚಳ ಬಿಚ್ಚಿ ಊದಿದ. ನಮ್ಮ ಅಂಗಡಿಯ ಅಷ್ಟೂ ಬಣ್ಣದ ನೂಲಿನ ಹೊಟ್ಟು ಹೊರಬಂತು, ಫಲ ಮಾತ್ರ ಇಲ್ಲ. ತಲೆ ಕೆರೆದುಕೊಂಡು ಕೊನೆಗೆ ಬ್ಲೂಟೂತ್ ಆರಿಸಿ ನೋಡಿದ. ಪ್ರೋಗ್ರಾಂ ಥಟ್ಟನೆ ತೆರೆದುಕೊಂಡಿತು. ಅವನ ಮುಖ ನೋಡಬೇಕಿತ್ತು ನೀನು, ತಾನೇ ಕಂಪ್ಯೂಟರ್ ಕಂಡುಹಿಡಿದವನ ಹಾಗೆ! ‘ನೋಡಿ ಅಮ್ಮ, ಇದು ಬಾಗಿಲು ತೆಗೆಯೋ ಮುಂಚೆ ಮನೇಲಿರೋ ಎಲ್ಲರ ಹೆಸರೂ ಕೂಗತ್ತೆ. ಯಾರೋ ಒಬ್ರು ಓಗೊಡ್ತಿಲ್ಲ. ಓಗೊಡೋ ತನಕ ಇದು ಕಾಯ್ತಾ ಕೂತಿರತ್ತೆ’ ಎಂದ. ಬ್ಲೂಟೂತ್ ಆರಿಸಿಯೇ ಇಟ್ಟರೆ ಎಂಬ್ರಾಯ್ಡರಿ ಮಿಷನ್ನಿಗೆ ಚಿತ್ರ ಹೋಗುವುದಿಲ್ಲ, ಹಾಗಾಗಿ ಯಾರು ಓಗೊಡುತ್ತಿಲ್ಲ ಎಂದು ಹುಡುಕಲು ಪಟ್ಟಿ ತೆರೆದ. ಮಿಷನ್ನಿನ ಹೆಸರಿತ್ತು, ಪ್ರಿಂಟರಿನ ಹೆಸರಿತ್ತು. ಮೂರನೆಯದನ್ನು ಅವನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಅಮ್ಮನ ಬೈಗುಳ’ ಎಂದಿತ್ತು. ಪಕ್ಕದಲ್ಲಿ ‘ಉತ್ತರಿಸುತ್ತಿಲ್ಲ’ ಎಂದು.

ನಾನು ನಗಲಿಲ್ಲ. ಅದು ಗುಂಡ ಕಿವಿ ಕೇಳಿಸಲೆಂದು ಹಾಕಿಕೊಳ್ಳುತ್ತಿದ್ದ ಮಿಷನ್ನು. ಹೊಸದು ತಂದ ದಿನ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುತ್ತಾ, ಇದಕ್ಕೆ ಏನಾದರೂ ಹೆಸರು ಕೊಡಬೇಕಂತೆ ಎಂದವನು ಕಳ್ಳನ ಹಾಗೆ ಮುಸಿಮುಸಿ ನಗುತ್ತಾ ಏನೋ ಬರೆದ. ಏನು ಬರೆದೆ ಎಂದು ನಾನು ಕೇಳಿದರೆ ‘ಕಿವಿಗೆ ಬೀಳೋದೆಲ್ಲ ಏನು ಅಂತ ಬರೆದೆ’ ಎಂದಿದ್ದ. ನಿನಗೂ ಹೇಳಿರಲಿಲ್ಲ ಅಂತ ಕಾಣುತ್ತದೆ. ನನ್ನ ಮಗ ನನ್ನನ್ನು ಹೀಗೆ ಅಡಗಿಸಿಟ್ಟು ಹೋಗಿದ್ದು ಇಷ್ಟು ದಿನವಾದ ಮೇಲೆ, ಅದೂ ಆ ಪುಣ್ಯಾತ್ಮನ ಬಾಯಿಂದ ಗೊತ್ತಾಗಬೇಕೇ? ನಾಳೆ ಮಹಾಶಯ ಪಾಪ, ಏನೂ ಅರಿಯದೆ ‘ಇದನ್ನ ತೆಗೆದುಬಿಡ್ಲಾ? ಒಂದು ಸಲ ಒತ್ತಿದ್ರೆ ಆಯ್ತು, ಸರಿಹೋಗತ್ತೆ’ ಎಂದ. ‘ಕೈ ತೆಗಿ ಅಲ್ಲಿಂದ’ ಎಂದು ಗದರಿದೆ ನೋಡು, ಅವನು ಸ್ಕ್ರೂಡ್ರೈವರ್ ಬಿಟ್ಟು ಎದ್ದ. ಕೂಲಿ ತೆಗೆದುಕೊಳ್ಳಲೂ ನಿಲ್ಲಲಿಲ್ಲ. ಆಮೇಲೆ ಹೋಗಿ ಸಮಾಧಾನ ಮಾಡಿ ಬಂದೆ, ಅದನ್ನು ಬಿಡು.

ಆದರೆ ಒಂದು ಮಾತು ತಲೆಯಲ್ಲಿ ಕೊರೆಯತೊಡಗಿತು. ಗುಂಡ ಹೋಗಿ ಎರಡು ವರ್ಷವಾದರೂ ಈ ಲ್ಯಾಪ್‌ಟಾಪ್ ಒಂದು ದಿನವೂ ತಕರಾರು ಮಾಡಲಿಲ್ಲ. ಹಾಗಾದರೆ ಅಷ್ಟೂ ದಿನ ಓಗೊಟ್ಟವರು ಯಾರು? ನಿನ್ನ ಕೋಣೆಗೆ ಹೋದೆ. ಮಂಚದ ತಲೆಯ ಕಡೆ ಒಂದು ವೈರು ಗೋಡೆಯ ಸ್ವಿಚ್ಚಿನಿಂದ ನಿನ್ನ ಬೀರುವಿನ ಕೆಳಗಿನ ಖಾನೆಗೆ ಹೋಗಿತ್ತು. ಸ್ವಿಚ್ಚು ಆರಿತ್ತು. ಆರಿಸಿದ್ದು ನಾನೇ, ನೀನು ಹೋದ ದಿನ ಕೋಣೆ ಗುಡಿಸುವಾಗ. ಖಾಲಿ ಕೋಣೆಯಲ್ಲಿ ಸ್ವಿಚ್ಚಿನ ಕೆಂಪು ದೀಪ ಉರಿಯುವುದನ್ನು ಕಂಡರೂ ನನಗೆ ಆಗುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಖಾನೆಯಲ್ಲಿ ಅವನ ಕಿವಿಯ ಮಿಷನ್ನುಗಳ ಪೆಟ್ಟಿಗೆ ಇತ್ತು. ಒಂದು ಚೂರು ಧೂಳಿಲ್ಲ. ಸಣ್ಣ ಬ್ರಷ್ಷು, ಒರೆಸುವ ಬಟ್ಟೆ, ಎಲ್ಲ ಅಚ್ಚುಕಟ್ಟು. ಬಾಗಿಲ ಹಿಂದೆ ನೇತುಹಾಕಿದ್ದ ನಿನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿದರೆ ಅವನ ನೀಲಿ ಅಂಗಿಯ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ ಸಿಕ್ಕಿತು. ಆಗ ಎಲ್ಲ ತಿಳಿಯಿತು ಮಗಳೇ. ದಿನಾ ರಾತ್ರಿ ನೀನು ಅವನ್ನು ಚಾರ್ಜಿಗೆ ಇಟ್ಟೆ, ದಿನಾ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದು ಎಚ್ಚರ ಮಾಡಿ, ಚೀಲಕ್ಕೆ ಹಾಕಿ, ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದೆ. ನೂಲಿನ ಉಂಡೆ ಹಿಡಿದು ಜೇಬಿನ ಕಡೆ ತಲೆ ಬಗ್ಗಿಸಿ ‘ಈ ನೀಲಿ ಸಾಕಾ?’ ಎಂದು ಮೆಲ್ಲಗೆ ಕೇಳುತ್ತಿದ್ದೆಯಲ್ಲ, ನನ್ನನ್ನೇ ಕೇಳಿದೆ ಎಂದು ನಾನು ಪ್ರತಿ ಸಲವೂ ‘ಸಾಕು’ ಅನ್ನುತ್ತಿದ್ದೆ. ಎಂಥ ಮೊದ್ದು ನಾನು. ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಒಬ್ಬನಿಗಾಗಿಯೇ ಒಳಗೊಳಗೆ ಬೇಯುತ್ತಿದ್ದೆವು, ನಿನ್ನದು ನನಗೆ ಕಾಣಿಸಲೇ ಇಲ್ಲ.

ಅಲ್ಲೇ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತೆ. ಎದ್ದು ಸ್ವಿಚ್ಚು ಹಾಕಿದೆ. ಚಾರ್ಜು ತುಂಬಿದ ಮೇಲೆ ಚೀಲದಲ್ಲಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಬಂದು ಕೂತರೆ ಬಳೆ ಒಂದು ಸುತ್ತೂ ಸುತ್ತಲಿಲ್ಲ, ಪ್ರೋಗ್ರಾಂ ತೆರೆಯಿತು, ಫ್ಯಾನು ಗುಯ್ ಎಂದಿತು. ಹಕ್ಕಿಗಳಿಗೆಲ್ಲ ತಲೆ ಬಂತು, ಆಸ್ಪತ್ರೆಯ ಕೆಲಸ ಉಳಿಯಿತು. ಅವತ್ತಿನಿಂದ ಆ ಚೀಲ ನನ್ನ ಜೇಬಿನಲ್ಲಿದೆ. ಒಂದು ಸಲ ಕುತೂಹಲಕ್ಕೆ ಬಲಗಿವಿಯದನ್ನು ನನ್ನ ಕಿವಿಗೇ ಸಿಕ್ಕಿಸಿಕೊಂಡು ‘ಗುಂಡಾ, ಊಟಕ್ಕೆ ಬಾರೋ’ ಎಂದು ಕೂಗಿ ನೋಡಿದೆ. ಅಯ್ಯೋ, ಕಿವಿ ಹರಿದುಹೋಗುವಷ್ಟು ಜೋರು! ಪಾಪ, ಇದನ್ನು ದಿನವೂ ಸಹಿಸಿಕೊಂಡನಲ್ಲ ಎಂದು ಅಷ್ಟು ಅಳುವಿನಲ್ಲೂ ನಗು ಬಂತು.

ಈಗ ಮುಖ್ಯ ಮಾತು, ಎರಡು ಸಲ ಓದು. ನಿನ್ನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಷ್ಟ್ರು ತನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದನ್ನೂ, ನೀನು ಆಗುವುದಿಲ್ಲ ಎಂದದ್ದನ್ನೂ ಹೋದ ತಿಂಗಳು ಹೇಳಿದೆಯಲ್ಲ. ಯಾಕೆ ಎಂದರೆ ‘ಇದ್ದೋರನ್ನೇ ಉಳಿಸ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ ಅತ್ತೆ’ ಎಂದೆ. ಅದು ನನಗೆ ಅರ್ಥವಾಗಿರಲಿಲ್ಲ. ಪೆಟ್ಟಿಗೆ ಕೈಗೆ ಬಂದಾಗ ಗುಂಡ ಹೋದ ದಿನ ನೆನಪಾಯಿತು. ಲಾರಿ ಹಿಂದಿನಿಂದ ಬಂತು, ಹಾರ್ನ್ ಹೊಡೆದರೂ ಬೈಕು ಪಕ್ಕಕ್ಕೆ ಸರಿಯಲಿಲ್ಲ ಎಂದು ಜನ ಬಂದು ಹೇಳಿದಾಗ ನೀನು ‘ನಾನು ಚಾರ್ಜಿಗೆ ಹಾಕಿರಲಿಲ್ಲ, ನಾನು ಹಾಕಿರಲಿಲ್ಲ’ ಎಂದು ಒಂದೇ ಸಮನೆ ಹೇಳುತ್ತಿದ್ದೆ. ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಇದನ್ನೇ ಎದೆಯಲ್ಲಿಟ್ಟುಕೊಂಡು ಬದುಕುತ್ತಿದ್ದೀಯ ಎಂದು ಗೊತ್ತಿದ್ದರೆ ಅವತ್ತೇ ಹೇಳುತ್ತಿದ್ದೆ. ಕೇಳು. ಆ ಬೆಳಿಗ್ಗೆ ಅವನು ನನಗೆ ಬೆನ್ನು ಮಾಡಿ ಪೊಟ್ಟಣ ಕಟ್ಟುತ್ತಿದ್ದ. ನಾನು ಗುಂಡಿಗಳ ಡಬ್ಬಿ ತಡಕುತ್ತಾ, ಬಿಳಿ ಗುಂಡಿ ಮುಗಿದೇ ಹೋಯಿತಲ್ಲ ಎಂದು ನನ್ನಷ್ಟಕ್ಕೆ ಗೊಣಗಿದೆ. ಅವನು ತಿರುಗದೆಯೇ ‘ಬರ್ತಾ ತರ್ತೀನಿ ಬಿಡಮ್ಮ’ ಎಂದ. ಮಿಷನ್ನು ಸತ್ತಿದ್ದರೆ ನನ್ನ ಗೊಣಗಾಟ ಅವನಿಗೆ ಕೇಳಿಸುತ್ತಿತ್ತೇ? ನನ್ನ ತುಟಿಯನ್ನೂ ಅವನು ನೋಡಲಿಲ್ಲ. ಬಾಗಿಲಲ್ಲಿ ಎರಡನ್ನೂ ಕಿವಿಯಿಂದ ತೆಗೆದು ಈ ಮೇಜಿನ ಮೇಲಿಟ್ಟು ಹೆಲ್ಮೆಟ್ ಹಾಕಿಕೊಂಡ. ಹೆಲ್ಮೆಟ್ಟಿನೊಳಗೆ ಅವು ಸಿಳ್ಳೆ ಹೊಡೆಯುತ್ತವೆ ಎಂದು ಬೈಕು ಹತ್ತುವಾಗೆಲ್ಲ ತೆಗೆದಿಡುತ್ತಿದ್ದ, ಆ ಹೊತ್ತಿಗೆ ನೀನು ಹಿಂದೆ ಅಡುಗೆಮನೆಯಲ್ಲಿರುತ್ತಿದ್ದೆ. ಬೇಡ ಎಂದು ನಾನು ಬೈದರೆ ಕಿವಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಕೈಯಾಡಿಸಿ ಹೋಗುತ್ತಿದ್ದ. ಅವತ್ತೂ ಹಾಗೇ ಹೋದ. ನೀನು ರಾತ್ರಿ ಚಾರ್ಜಿಗೆ ಹಾಕಿದ್ದರೂ ಅವು ಈ ಮೇಜಿನ ಮೇಲೆಯೇ ಇರುತ್ತಿದ್ದವು. ನಿನ್ನ ತಪ್ಪು ಇದರಲ್ಲಿ ಕೂದಲೆಳೆಯಷ್ಟೂ ಇಲ್ಲ. ನನ್ನ ಮಗನ ಆಣೆ.

ಮೇಷ್ಟ್ರು ಹೇಗಿದ್ದಾರೋ ನಾನು ನೋಡಿಲ್ಲ. ಕುರ್ಚಿ ಎತ್ತರಿಸಿ ಕೊಡುತ್ತೇನೆ ಎಂದು ಅವರೇ ಹಲಗೆ ತಂದರು, ನೀನು ಬೇಡ ಎಂದು ಹಿಂದಕ್ಕೆ ಕಳಿಸಿದೆ ಎಂದಿದ್ದೆ. ಅಷ್ಟು ಸಾಕು ನನಗೆ. ನನ್ನ ಚಿಂತೆ ಬೇಡ. ಅಂಗಡಿ ನಡೆಯುತ್ತಿದೆ, ನಾಳೆ ಮಹಾಶಯ ಈಗ ಕರೆದ ದಿನವೇ ಬರುತ್ತಾನೆ, ಹೆದರಿಕೆ ನೋಡು. ಚೀಲವೂ ಜೇಬಿನಲ್ಲಿದೆ. ಆ ಪಟ್ಟಿಯಿಂದ ಅವನ ಹೆಸರು ತೆಗೆಯಲು ನನ್ನಿಂದಾಗದು, ನಾನಿರುವ ತನಕ ಹೀಗೇ ನಡೆಯಲಿ.

ನಿನ್ನ ಕಣ್ಣು, ಕತ್ತು, ಬೆರಳು ಎಲ್ಲ ತಣ್ಣಗಿರಲಿ. ದಾರದ ತುದಿಯನ್ನು ಹಲ್ಲಿನಿಂದ ಕಡಿಯಬೇಡ.

ಇನ್ನೂ ಬೈಯುವುದನ್ನು ಬಿಡದ,
ನಿನ್ನ ಅತ್ತೆ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಮುಂಚೆ ಮೇಲೆ ಬರೆದದ್ದನ್ನು ಒಮ್ಮೆ ಓದಿದೆ. ನಿನಗೆ ಬುದ್ಧಿ ಹೇಳಿ ನಾನು ಮಾತ್ರ ಜೇಬು ಹಿಡಿದುಕೊಂಡು ಕೂತರೆ ಯಾವ ನ್ಯಾಯ? ಎದ್ದು ಹೋಗಿ ಪಟ್ಟಿ ತೆರೆದು ‘ಅಮ್ಮನ ಬೈಗುಳ’ದ ಮೇಲೆ ಒತ್ತಿದೆ. ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿತು. ಇನ್ನೊಂದು ಸಲ ಒತ್ತಿದೆ. ಹೋಯಿತು. ಫ್ಯಾನು ತಿರುಗುತ್ತಿದೆ, ನನಗೆ ಅಕ್ಷರ ಕಾಣುತ್ತಿಲ್ಲ, ಸೊಟ್ಟಗಿದ್ದರೆ ಹೇಗಾದರೂ ಓದಿಕೋ. ನೀಲಿ ಚೀಲದಲ್ಲಿ ಎಡಗಿವಿಯದನ್ನು ಇಟ್ಟು ಕಳಿಸುತ್ತಿದ್ದೇನೆ. ನೀನು ಯಾವಾಗಲೂ ಅವನ ಎಡಗಡೆಗೆ ಕೂರುತ್ತಿದ್ದೆ, ಅದು ನಿನ್ನ ಮಾತು ಕೇಳಿದ ಕಿವಿ. ನನ್ನ ಹೊಲಿಗೆ ಮಿಷನ್ನು ಬಲಗಡೆ ಇತ್ತು, ಬಲಗಿವಿಯದು ನನಗಿರಲಿ. ಮೇಷ್ಟ್ರಿಗೆ ಹೂಂ ಅನ್ನು. ಚಾರ್ಜರ್ ಕಳಿಸುತ್ತಿಲ್ಲ, ಮರೆತು ಬಿಟ್ಟಿದ್ದಲ್ಲ.