ಅಪ್ಪ ಕೊಟ್ಟ ದೀಕ್ಷಾಸ್ನಾನ

ಡಿಸೆಂಬರ್ ೫, ಶನಿವಾರ

ನಾಳೆ ಗಂಡ ಸೇರಿರುವ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ ನನಗೆ ಮತ್ತೆ ದೀಕ್ಷಾಸ್ನಾನ. ಹನ್ನೆರಡನೇ ವಯಸ್ಸಿನಲ್ಲಿ, ಪಾಸ್ಟರ್ ಆಗಿದ್ದ ಅಪ್ಪನೇ ನನ್ನನ್ನು ನೀರಿನಲ್ಲಿ ಮುಳುಗಿಸಿ ಎತ್ತಿದ್ದರು. ಅದು ಲೆಕ್ಕಕ್ಕಿಲ್ಲವಂತೆ. ಯೇಸುವಿನ ಶಿಷ್ಯರಾದ ಅಪೊಸ್ತಲರ ನಂತರ, ದೀಕ್ಷಾಸ್ನಾನ ಕೊಡುವ ಯಾಜಕರ ಅಧಿಕಾರ ಭೂಮಿಯಿಂದಲೇ ಹೋಗಿ, ಮತ್ತೆ ಇವರ ಸಭೆಗೆ ಮಾತ್ರ ಸಿಕ್ಕಿತಂತೆ.

ಸಂಜೆ ಅಪ್ಪನಿಗೆ ಹೇಳಿದೆ. "ನಂಬಿದವರೆಲ್ಲ ಯಾಜಕರೇ ಅಂತ ಕಲಿಸಿದ್ದೆ. ಹಾಗಾದ್ರೆ ಅವತ್ತು ನಿನಗೆ ಬರೀ ತಲೆಸ್ನಾನ ಮಾಡಿಸಿದ್ನೇನಮ್ಮಾ?" ಎಂದರು.

ಒಂದು ವಾರ ತಡೆಯೋಣವೇ ಎಂದು ಗಂಡನನ್ನು ಕೇಳಿದೆ. "ನಿನ್ನಿಷ್ಟ. ಆದ್ರೆ ಸತ್ತ ಮೇಲೂ ನಾವು ಗಂಡ ಹೆಂಡ್ತಿಯಾಗೇ ಇರ್ಬೇಕಂದ್ರೆ ನಮ್ಮ ಸಭೆಯ ದೀಕ್ಷಾಸ್ನಾನ ಬಿಟ್ರೆ ಬೇರೆ ದಾರಿ ಇಲ್ಲ" ಎಂದರು.

ಈಗಷ್ಟೇ ಅಪ್ಪನ ಫೋನ್. "ನಾಳೆ ನಾನೂ ಬರ್ತೀನಿ. ದೊಡ್ಡ ಟವೆಲ್ ತರ್ತೀನಿ, ನಿನಗೆ ಬೇಗ ಶೀತ ಆಗುತ್ತೆ."

ಬೈದಿದ್ದರೆ ಜಗಳವಾಡಿಯಾದರೂ ಹೋಗಿಬಿಡುತ್ತಿದ್ದೆ. ಈಗ ಅವರೆದುರು ಆ ನೀರಿಗೆ ಹೇಗೆ ಇಳಿಯಲಿ?