ನನಗೆ ಒಪ್ಪುವ ಮೊದಲ ಪಿಸ್ತೂಲು

ಮಾನ್ಯ ಶೆರಿಫ್ ಅವರೇ,

ನನ್ನ ಮಾಜಿ ಗಂಡ ರಾಯ್ಸ್ ನನ್ನ ಹತ್ತಿರ ಸುಳಿಯಕೂಡದು, ತನ್ನ ಬಂದೂಕುಗಳನ್ನೆಲ್ಲ ನಿಮ್ಮ ಕಚೇರಿಗೆ ಒಪ್ಪಿಸಬೇಕು ಎಂದು ನ್ಯಾಯಾಧೀಶರು ಆದೇಶ ಕೊಟ್ಟದ್ದು ಕ್ರಿಸ್‌ಮಸ್‌ಗೆ ಮೊದಲು. ಈಗ ಗೋಧಿ ತೆನೆ ಬಿಟ್ಟಿದೆ, ಬಂದೂಕುಗಳು ಅವನ ಬಳಿಯೇ ಇವೆ. ವಿಚಾರಿಸಲು ಫೋನ್ ಮಾಡಿದರೆ ನಿಮ್ಮ ಡೆಪ್ಯುಟಿ ಆಕಳಿಸುತ್ತ ಹೇಳಿದ: "ನಿಮ್ ಮನೆ ಬಲು ದೂರ ಮೇಡಂ. ನಾವ್ ಬರೋ ಹೊತ್ತಿಗೆ ಆಗೋದೆಲ್ಲ ಆಗೋಗಿರತ್ತೆ. ನೀವೇ ಒಂದ್ ಪಿಸ್ತೂಲ್ ತಗೊಂಬಿಡಿ." ರಕ್ಷಣೆ ಬೇಡಿದವಳಿಗೆ ಅಂಗಡಿಯ ದಾರಿ ತೋರಿಸಿದ ಈ ಔದಾರ್ಯಕ್ಕೆ ನನ್ನ ಕೃತಜ್ಞತೆಗಳು.

ನಾನು ಶಾಲಾ ಬಸ್ಸು ಓಡಿಸುವವಳು, ದಾರಿಫಲಕ ಹೇಳಿದಂತೆ ಕೇಳಿ ಅಭ್ಯಾಸ. ಮೀನಿಗೆ ಹಾಕುವ ಎರೆಹುಳುವಿನ ಜೊತೆಗೆ ಬಂದೂಕನ್ನೂ ಮಾರುವ ವೆಂಡಲ್‌ನ ಅಂಗಡಿಗೆ ಹೋದೆ. ನಾನು ಕೇಳುವ ಮೊದಲೇ ಅವನು ಒಂದು ಗುಲಾಬಿ ಬಣ್ಣದ ಪುಟ್ಟ ಪಿಸ್ತೂಲು ತೆಗೆದಿಟ್ಟ. "ಹೆಂಗಸ್ರಿಗೇ ಅಂತ ಮಾಡಿರೋದು. ಕೈಚೀಲದಲ್ಲಿ ಲಿಪ್‌ಸ್ಟಿಕ್ ಪಕ್ಕ ಕೂತ್ಕೊಳತ್ತೆ." ಹಿತ್ತಲಲ್ಲಿ ಒಂದು ಗುಂಡು ಹಾರಿಸಿದೆ. ಕತ್ತೆ ಒದ್ದಂತಾಯಿತು. ಪಿಸ್ತೂಲು ಹಗುರವಾದಷ್ಟೂ ಒದೆತ ಹೆಚ್ಚೆಂದು ಅವನು ತಿಳಿಸಿದ್ದು ಆಮೇಲೆ. ದೊಡ್ಡದನ್ನು ಕೊಟ್ಟ. ಗುಂಡು ಏರಿಸಲು ಅದರ ಮೇಲ್ಭಾಗವನ್ನು ಹಿಂದಕ್ಕೆಳೆಯಬೇಕು, ಅದಕ್ಕೆ ನನ್ನ ಎಡ ಮಣಿಕಟ್ಟು ಒಪ್ಪಲಿಲ್ಲ. ಅದು ಮುರಿದು ಸೊಟ್ಟಗೆ ಕೂಡಿದ ಮಣಿಕಟ್ಟು. ಮುರಿದವರು ಯಾರೆಂದು ವೆಂಡಲ್ ಕೇಳಲಿಲ್ಲ, ಊರಿಗೆಲ್ಲ ಗೊತ್ತು.

ಕೊನೆಗೆ ತಲೆ ಕೆರೆದುಕೊಂಡು ಅಂದ: "ನಿಮ್ಗೆ ಯಾವ್ದು ಹೊಂದತ್ತೆ ಅಂತ ಕರೆಕ್ಟಾಗಿ ಹೇಳೋನು ಈ ಕೌಂಟೀಲಿ ಒಬ್ನೇ. ಶನಿವಾರ ಹೆಂಗಸ್ರಿಗೆ ಪಿಸ್ತೂಲ್ ಕ್ಲಾಸ್ ತಗೋತಾನಲ್ಲ, ರಾಯ್ಸು."

"ಯಾವ ರಾಯ್ಸು?"

"ನಮ್ ರಾಯ್ಸೇ..." ಎಂದು ನಾಲಿಗೆ ಕಚ್ಚಿಕೊಂಡ. ಹಾಗೆಂದು ಸುಮ್ಮನಾದನೇ? "ಹಳೇದೆಲ್ಲ ಯಾಕೀಗ ಮರ್ಲೀನ್? ಪಾಠ ಮಾತ್ರ ಬಲು ಚೆನ್ನಾಗ್ ಮಾಡ್ತಾನೆ. ಶೆರಿಫ್ ಕಡೆಯೋರೂ ಅವನ ಹತ್ರಾನೇ ಗುರಿ ತಿದ್ಕೊಳೋದು."

ಮಾನ್ಯರೇ, ಕುರಿ ಕಾಯಲು ತೋಳನನ್ನು ನೇಮಿಸಿದ್ದು ಕೇಳಿದ್ದೆ. ಕುರಿಯೇ ಫೀಸು ಕಟ್ಟಿ ತೋಳನ ಬಳಿ ಪಾಠಕ್ಕೆ ಹೋಗಬೇಕೆಂಬುದು ನಿಮ್ಮ ಆಡಳಿತದ ಹೊಸ ಸಾಧನೆ. ಮೊದಲ ದಿನ ಪ್ರತಿಯೊಬ್ಬರನ್ನೂ "ನಿಮಗೆ ಪಿಸ್ತೂಲಿನ ಅಗತ್ಯ ಯಾಕೆ ಬಂತು?" ಎಂದು ಕೇಳುತ್ತಾನಂತೆ. ನಾನೇನು ಉತ್ತರಿಸಲಿ? "ನಿನ್ನಿಂದಲೇ" ಎನ್ನಲೇ? ಗುರಿ ತಿದ್ದಿಸಿಕೊಳ್ಳುವ ನಿಮ್ಮ ಹುಡುಗರಿಗೆ ಗುರುಗಳ ಸೊಂಟದಲ್ಲಿ ತೂಗುವ ಪಿಸ್ತೂಲು ಕಾಣುವುದಿಲ್ಲವೇ? ಬೆಳಿಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳುವಾಗ ಅವನ ಟ್ರಕ್ಕು ನಿಧಾನವಾಗಿ ಪಕ್ಕದಲ್ಲಿ ಹಾಯುತ್ತದೆ. ಅವನು ಟೊಪ್ಪಿಗೆ ಎತ್ತಿ ನಗುತ್ತಾನೆ. ನನಗೆ ಭಯವಾಗುತ್ತದೆ. ಬಸ್ಸಿನ ತುಂಬ ಮಕ್ಕಳಿರುತ್ತಾರೆ.

ಹೇಗೂ ನಿಮ್ಮವರ ಸಲಹೆಯಂತೆ ನನ್ನ ಅಗತ್ಯಕ್ಕೆ ತಕ್ಕ ಪಿಸ್ತೂಲನ್ನು ಆರಿಸಿದ್ದೇನೆ. ಅದು ರಾಯ್ಸ್‌ನ ಸೊಂಟದಲ್ಲಿದೆ. ನನಗೆ ಕೊಡುವುದು ಬೇಡ. ಈ ಶನಿವಾರ ಕ್ಲಾಸಿಗೆ ಖುದ್ದಾಗಿ ಹೋಗಿ, ಅಷ್ಟೂ ಹೆಂಗಸರ ಎದುರಿಗೆ ಕೈ ಚಾಚಿ, ಅದನ್ನು ಇಸಿದುಕೊಳ್ಳಿ.

ಇಂತಿ, ಕಳೆದ ಚುನಾವಣೆಯಲ್ಲಿ ನಿಮ್ಮ ಹೆಸರಿನ ಫಲಕವನ್ನು ಸ್ವಂತ ಅಂಗಳದಲ್ಲಿ ನೆಟ್ಟಿದ್ದ,
ಮರ್ಲೀನ್ ಹ್ಯಾಸ್ಕೆಟ್
ಪಶ್ಚಿಮ ಓಕ್ಲಹೋಮಾ